ನಡುಗಡ್ಡೆಯ ಸಿನಿಮಾ, ಒಂದು ‘ಬರ್ತೇನ್ರಿ’

ಹೋದ ದೀಪಾವಳಿಗೆ ನಾಗಪುರಕ್ಕೆ ಹೋಗಿದ್ದೆ. ನನ್ನ ತಂಗಿಯ ಮೊಮ್ಮಗಳು ನೇಹಾ ಅಲ್ಲಿ ಮಿಹಾನ್ ಎಂಬ ಕೈಗಾರಿಕಾ ಪ್ರದೇಶದ ವಿಮಾನ ರಿಪೇರಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹಬ್ಬದ ಮರುದಿನ ಮಧ್ಯಾಹ್ನ ಚಕ್ಕಲಿ ತಟ್ಟೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಟಿ.ವಿ. ಮುಂದೆ ಕೂತಿದ್ದೆವು. ಅವಳು ಒಂದಾದ ಮೇಲೊಂದು ಸಿನಿಮಾ ಸರಿಸುತ್ತ ಹೋಗುವಾಗ ಕಪ್ಪು ಬಿಳುಪಿನದೊಂದು ಬಂತು. ಸಮುದ್ರ, ಹೊಗೆ ಬಿಡುತ್ತ ಬರುವ ಸಣ್ಣ ಬೋಟು, ದಂಡೆಯ ಮೇಲೆ ಒದ್ದೆ ಕುರಿಗಳು.

“ಬೋರಿಂಗ್ ಐತಿ ಅಜ್ಜಿ, ಛೋಡ್ ದೋ,” ಅಂತ ಅವಳು ಮುಂದೆ ಸರಿಸಲು ಹೋದಳು.

“ತಡಿ!” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. “ಈಗ ನೋಡು, ಆ ಮುದುಕ ಗಡ್ಡ ಅಂಟಿಸಿಕೊಂಡು ಇನ್ನೊಂದು ಮನಿಯಿಂದ ಹೊರಗ ಬರ್ತಾನ.”

ಬಂದ. ನೇಹಾ ಚಕ್ಕಲಿ ಕಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ನೀ ಯಾವಾಗ ನೋಡಿದ್ದಿ ಇದನ್ನ?”

“ನಾಗಪುರ ರಾಜಧಾನಿ ಆಗಿದ್ದಾಗ.”

“ಅಭೀ ಭೀ ಹೈ ನಾ? ಚಳಿಗಾಲದಾಗ ಮಂತ್ರಿಗಳೆಲ್ಲ ಬರ್ತಾರಲ್ಲ, ಟ್ರಾಫಿಕ್ ಜಾಮ್ ಆಗ್ತೈತಿ.”

ಅವಳಿಗೆ ಗೊತ್ತಿರುವ ರಾಜಧಾನಿ ಅಷ್ಟು. ನನಗೆ ಗೊತ್ತಿದ್ದದ್ದು ಬೇರೆ. ಹಳೆಯ ಮಧ್ಯಪ್ರದೇಶಕ್ಕೆ ನಾಗಪುರವೇ ರಾಜಧಾನಿಯಾಗಿತ್ತು. ಐವತ್ತಾರರಲ್ಲಿ ರಾಜ್ಯಗಳನ್ನು ಹೊಸದಾಗಿ ಮಾಡಿದಾಗ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿತು, ಕಚೇರಿಗಳೆಲ್ಲ ಭೋಪಾಲಿಗೆ ಹೊರಟವು. ಅತ್ತ ಕನ್ನಡನಾಡು ಒಂದಾಗುತ್ತಿದೆಯೆಂದು ನಮ್ಮ ಮಂದಿ ಪೇಢೆ ಹಂಚಿದರು. ಇತ್ತ ಅದೇ ಹೊತ್ತಿಗೆ ನಾಗಪುರದ ನಮ್ಮ ಪುಟ್ಟ ಕನ್ನಡ ಸಂಘ ಅರ್ಧಕ್ಕರ್ಧ ಖಾಲಿಯಾಗುತ್ತಿತ್ತು. ಪೇಢೆ ತಿಂದ ಬಾಯಲ್ಲೇ ಒಬ್ಬರಿಗೊಬ್ಬರು ವರ್ಗಾವಣೆಯ ಸುದ್ದಿ ಹೇಳಿಕೊಳ್ಳುತ್ತಿದ್ದರು.

ಆಗ ನಾವು ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಅವ್ವ ತೀರಿಕೊಂಡು ಕೆಲವು ವರ್ಷವಾಗಿತ್ತು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಹಾಜರಿ ಕರೆಯುವಾಗ ಜೋರು ದನಿ, ಗಂಡಸರ ಮುಂದೆ ದನಿಯೇ ಇಲ್ಲ. ನನಗೂ ತಂಗಿಗೂ ಅವ್ವನ ಜಾಗದಲ್ಲಿದ್ದವಳು ಪಕ್ಕದ ಮನೆಯ ಗಂಗಾಕಾಕು. ಗದಗಿನ ಕಡೆಯವಳು. ಆಕೆ ಪಿಸುಗುಟ್ಟಿದರೆ ಸ್ಟೇಶನ್ನಿಗೆ ಕೇಳಿಸುತ್ತದೆ ಎಂದು ಅಪ್ಪ ಹೇಳುತ್ತಿದ್ದರು.

ಸಂಘವೆಂದರೆ ಮಹಾಲ್ ಎಂಬ ಹಳೇ ಪೇಟೆಯ ವಾಡೆಯೊಂದರ ಮಹಡಿ. ವರ್ಷಕ್ಕೊಂದು ನಾಟಕ, ಗಣಪತಿ, ತಿಂಗಳಿಗೊಂದು ಸಲ ಅವಲಕ್ಕಿ ತಿನ್ನುತ್ತ ಮಾಡುವ ಜಗಳ. ಊರಿನಿಂದ ಯಾರಾದರೂ ದೊಡ್ಡವರು ಭಾಷಣಕ್ಕೆ ಬಂದರೆ ಮಂದಿ ಕಡಿಮೆ ಕಾಣಬಾರದೆಂದು ಕೆಳಗಿನ ಮನೆಯ ಮರಾಠಿ ಕುಟುಂಬವನ್ನೂ ಹತ್ತಿಸಿ ಕೂರಿಸುತ್ತಿದ್ದೆವು. ಪಾಪ, ಅವರು ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟುತ್ತಿದ್ದರು.

ಮೂರ್ತಿಯವರನ್ನು ನಾನು ಕಂಡದ್ದು ಅಲ್ಲೇ. ಮೈಸೂರಿನವರು, ಸೆಕ್ರೆಟೇರಿಯೆಟ್ಟಿನಲ್ಲಿ ಕೆಲಸ. ತೆಳ್ಳಗೆ, ಎತ್ತರ, ನಾಗಪುರದ ಬಿಸಿಲಿಗೆ ಹೆದರಿ ಸದಾ ಕೊಡೆ. ಅವರ ಕನ್ನಡ ಕೇಳಿದರೆ ನಮ್ಮ ಹೆಂಗಸರಿಗೆ ಪುಸ್ತಕ ಓದಿದಂತೆ ಅನ್ನಿಸಿ ನಗು. ಆ ವರ್ಷದ ಬೇಸಿಗೆಯಲ್ಲಿ ಸಂಘ ನಾಟಕ ಹೂಡಿತು. ಮೂರ್ತಿಯವರು ನಾಯಕ, ನಾನು ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವಳು. ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಆ ತಂಪು ವಾಸನೆಯಲ್ಲಿ ಸಂಜೆಗಳು ಕಳೆದವು. ಮೂರ್ತಿಯವರಿಗೆ ಮರೆವು ಬಹಳ. ಆದರೆ ಒಂದು ಗುಣವಿತ್ತು: ಸಾಲಿನ ಮೊದಲ ಪದ ಕೊಟ್ಟರೆ ಸಾಕು, ಉಳಿದದ್ದನ್ನು ತಾವೇ ಹಿಡಿದುಬಿಡುತ್ತಿದ್ದರು. ಉಳಿದ ನಟರಿಗೆ ನಾನು ಇಡೀ ಮಾತು ಒದರಬೇಕಿತ್ತು. ಅವರಿಗೆ ಒಂದೇ ಪದ. ನಾನು ತುಟಿ ಅಲ್ಲಾಡಿಸಿದರೂ ಅವರಿಗೆ ತಿಳಿಯುತ್ತಿತ್ತು. ಅದರಲ್ಲಿ ನನಗೊಂದು ಹೆಮ್ಮೆ ಬಂತು, ಹೆಮ್ಮೆಯ ಹಿಂದೆಯೇ ಇನ್ನೊಂದೂ ಬಂತು. ಅದರ ಹೆಸರು ಹೇಳಲು ಆಗ ಧೈರ್ಯವಿರಲಿಲ್ಲ. ಈಗ ನಾಚಿಕೆಯೇಕೆ? ಅವರನ್ನು ಕಂಡರೆ ನನಗೆ ಪ್ರೀತಿಯಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಭೋಪಾಲಿಗೆ ಹೋಗುವವರ ಹೆಸರುಗಳು ಬಂದವು. ಮೂರ್ತಿಯವರದೂ ಇತ್ತು. ದಸರೆಯ ಬನ್ನಿ ಕೊಡಲು ಸಂಘದಲ್ಲಿ ಸೇರಿದಾಗ ಗಂಗಾಕಾಕು ಅವರನ್ನು ತಡೆದು ನಿಲ್ಲಿಸಿದಳು.

“ನಮ್ಮನ್ನೆಲ್ಲಾ ಬಿಟ್ಟು ಹೊಂಟೀರಿ. ಹೋಗೂಕಿಂತ ಮೊದಲ ಒಂದು ಸಿನಿಮಾ ತೋರಸ್ರಿ. ನೀವು ಯಾವಾಗ್ಲೂ ನೋಡತೀರಲ್ಲ, ಇಂಗ್ಲಿಷಿಂದು.”

“ನಿಮಗೆ ಇಂಗ್ಲಿಷ್ ತಿಳಿಯಲ್ಲವಲ್ಲ ಕಾಕು.”

“ನೀವು ಬಾಜೂಕ ಕುಂತು ಹೇಳ್ರಿ. ಆದರ ನೋಡ್ರಿ, ಮುದ್ದಾಡೂದು ಗಿದ್ದಾಡೂದು ಇರಬಾರದು. ಹುಡಿಗ್ಯಾರು ಬರ್ತಾರ.”

“ಈಗ ಬಂದಿರೋದರಲ್ಲಿ ಮುದುಕರು, ಕುರಿ, ಸಮುದ್ರ. ಬೇರೇನೂ ಇಲ್ಲ,” ಅಂದರು ಮೂರ್ತಿ ಗಂಭೀರವಾಗಿ. ನನ್ನ ಕಡೆ ನೋಡಲಿಲ್ಲ. ಅದಕ್ಕೇ ನನಗೆ ಗೊತ್ತಾಯಿತು, ನಾನೂ ಬರಲಿ ಎಂದು ಅವರಿಗೆ ಆಸೆಯಿದೆಯೆಂದು.

ಭಾನುವಾರ ಬೆಳಗಿನ ಆಟ, ಸೀತಾಬರ್ಡಿಯ ಥಿಯೇಟರ್. ಅಕ್ಟೋಬರಿನ ಬಿಸಿಲು ಆಗಲೇ ಏರಿತ್ತು. ಒಳಗೆ ಹೆಚ್ಚಿನವರು ಕಾಲೇಜಿನವರು, ರೈಲ್ವೆಯ ಆಂಗ್ಲೋ ಇಂಡಿಯನ್ ಮಂದಿ, ಮತ್ತು ಒಂದು ಸಾಲು ತುಂಬ ಹೆರಳಿಗೆ ಹೂವು ಮುಡಿದ ನಾವು. ಕಾಕುವಿನ ಆಚೆ ಮೂರ್ತಿ, ಈಚೆ ನಾನು. ನಾನು ಇಂಟರ್ ಪಾಸಾದವಳು, ಇಂಗ್ಲಿಷ್ ಬರುತ್ತದೆಂದು ಬೀಗುತ್ತಿದ್ದೆ. ಆ ನಡುಗಡ್ಡೆಯವರು ಬಾಯಿ ತೆರೆದ ಕೂಡಲೇ ಬೀಗುವುದು ನಿಂತಿತು. ಒಂದು ಅಕ್ಷರ ತಿಳಿಯಲಿಲ್ಲ. ನನಗೂ ಮೂರ್ತಿಯವರ ಮಾತೇ ಗತಿಯಾಯಿತು.

ಕಥೆ ಇಷ್ಟು. ಬ್ರಿಟನ್ನಿನ ತುದಿಯಲ್ಲೊಂದು ಪುಟ್ಟ ನಡುಗಡ್ಡೆ. ಅಲ್ಲಿ ಜನ ಇಂತಿಷ್ಟಕ್ಕಿಂತ ಕಡಿಮೆಯಾದರೆ ಬೋಟು ಬರುವುದನ್ನು ನಿಲ್ಲಿಸುತ್ತೇವೆ, ಎಲ್ಲರೂ ಊರು ಬಿಡಬೇಕು ಎಂದು ಸರ್ಕಾರದ ಹುಕುಂ. ಎಣಿಸಲು ಪಟ್ಟಣದಿಂದ ಒಬ್ಬ ಆಫೀಸರ್ ಬರುತ್ತಾನೆ, ಎಳೆಯ, ಪೆದ್ದು ಮುಖದವನು. ಊರಿನವರಿಗೆ ಗೊತ್ತು, ಎಣಿಕೆಗೆ ಮಂದಿ ಸಾಲದು. ಅದಕ್ಕೆ ಒಬ್ಬನೇ ಮುದುಕ ಮೂರು ಮನೆಗಳಿಂದ ಮೂರು ಗಡ್ಡಗಳಲ್ಲಿ ಹೊರಬರುತ್ತಾನೆ. ಒಬ್ಬಳು ಬೆದರುಬೊಂಬೆಗೆ ಟೋಪಿ ಹಾಕಿ ಕಿಟಕಿಯಲ್ಲಿ ಕೂರಿಸಿ ‘ನಮ್ಮ ಮಾವನಿಗೆ ಕಿವಿ ಕೇಳಿಸುವುದಿಲ್ಲ’ ಎನ್ನುತ್ತಾಳೆ. ಆಫೀಸರ್ ಬೊಂಬೆಗೆ ನಮಸ್ಕಾರ ಹೇಳಿ ಬರೆದುಕೊಳ್ಳುತ್ತಾನೆ.

“ಅಯ್ಯ! ಇವರು ಥೇಟ್ ನಮ್ಮ ಸಂಘದವರ!” ಎಂದಳು ಕಾಕು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನವರು ‘ಶ್‌’ ಅಂದರು. ಮೂರ್ತಿಯವರೂ ನಕ್ಕರು. ಆ ನಗು ಮುಗಿಯುವಾಗ ಯಾಕೋ ಎಲ್ಲರಿಗೂ ಒಮ್ಮೆಲೇ ಭೋಪಾಲಿನ ನೆನಪಾಗಿರಬೇಕು, ಸಾಲು ಸುಮ್ಮನಾಯಿತು.

ಆಫೀಸರನಿಗೆ ಅಂಚೆ ಮನೆಯ ಹುಡುಗಿಯ ಮೇಲೆ ಮನಸ್ಸಾಗುತ್ತದೆ. ಮೋಸವೂ ಗೊತ್ತಾಗುತ್ತದೆ. ಎಲ್ಲ ಕೂಡಿಸಿ ಕಳೆದರೆ ಎಣಿಕೆಗೆ ಒಬ್ಬರು ಕಡಿಮೆ. ಬೋಟು ಹತ್ತುವ ಮುಂಚೆ ಕಟ್ಟೆಯ ಮೇಲೆ ಅವನು ಅವಳನ್ನು ಕೇಳುತ್ತಾನೆ: ನನ್ನ ಜೊತೆ ಪಟ್ಟಣಕ್ಕೆ ಬರುತ್ತೀಯಾ? ಹುಡುಗಿ ಅವನನ್ನೊಮ್ಮೆ ನೋಡಿ, ಏನೋ ಒಂದು ಮಾತು ಹೇಳಿ, ಬೆನ್ನು ತಿರುಗಿಸಿ ನಡೆಯುತ್ತಾಳೆ.

“ಏನಂದಳು? ಏನಂದಳು?” ಅಂದಳು ಕಾಕು.

“‘ಬರ್ತೀನಿ’ ಅಂದಳು,” ಅಂದರು ಮೂರ್ತಿ.

“ಬರ್ತಾಳಂತ! ಲಗ್ನ ಆತು ಬಿಡ್ರಿ!” ಕಾಕು ಚಪ್ಪಾಳೆ ತಟ್ಟಿಯೇಬಿಟ್ಟಳು.

“ಅಲ್ಲ ಕಾಕು, ಬರಲ್ಲ ಅವಳು. ಹೊರಟಳು.”

“ಬರ್ತೇನಿ ಅಂದಳಂತ ನೀವ ಹೇಳಿದ್ರಲ್ಲ?”

“ಅದು ಹೋಗುವಾಗ ನಾವು ಅಂತೀವಲ್ಲ, ಆ ‘ಬರ್ತೀನಿ’.”

“ಹೋಗೂಕಿ ಇದ್ದರ ಹೋಗ್ತೇನಿ ಅಂದಳಂತ ಹೇಳ್ರಿ!”

“‘ಹೋಗ್ತೀನಿ’ ಅಂತ ಬಾಯಲ್ಲಿ ಹೇಗೆ ಅನ್ನೋದು ಕಾಕು?” ಅಂದರು ಮೂರ್ತಿ ಕಂಗಾಲಾಗಿ. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗಂತೂ ನಕ್ಕು ಕಣ್ಣಲ್ಲಿ ನೀರು ಬಂತು. ಆಚೆಯಿಂದ ಮೂರ್ತಿಯವರು ಬಾಗಿ ನನ್ನನ್ನು ನೋಡಿದರು. ಆ ಕತ್ತಲೆಯಲ್ಲಿ ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕೊನೆಗೆ ಬೋಟು ಹೊರಡುತ್ತದೆ. ಸ್ವಲ್ಪ ದೂರ ಹೋದದ್ದೇ ಆ ಪೆದ್ದ ಕೋಟು, ಬೂಟು ಸಮೇತ ನೀರಿಗೆ ಹಾರಿ ಈಜಿ ವಾಪಸು ಬರುತ್ತಾನೆ. ದಂಡೆಯ ಮೇಲೆ ನೀರು ಸುರಿಸುತ್ತ ನಿಂತು ತನ್ನ ಎದೆ ಮುಟ್ಟಿ ತೋರಿಸುತ್ತಾನೆ. ಕಡಿಮೆಯಿದ್ದ ಒಬ್ಬ ಅವನೇ. ಎಣಿಕೆ ಸರಿಹೋಯಿತು.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಾಕು ಟಾಂಗಾದವನ ಜೊತೆ ಚೌಕಾಸಿಗೆ ನಿಂತಳು. ಸೋಡಾ ಅಂಗಡಿಯ ನೆರಳಿನಲ್ಲಿ ನಾನೊಬ್ಬಳೇ ಇದ್ದೆ. ಮೂರ್ತಿಯವರು ಬಂದು ಕೊಡೆ ಮುಚ್ಚಿದರು.

“ಅವನ ಹಾಗೆ ಹಾರೋಣ ಅಂದರೆ ನನಗೆ ಈಜು ಬರಲ್ಲ,” ಅಂದರು. “ಭೋಪಾಲಿಗೆ ಹೋಗಲೇಬೇಕು. ಅಲ್ಲಿ ದೊಡ್ಡ ಕೆರೆ ಇದೆಯಂತೆ, ಅಲ್ಲೇ ಕಲಿತರಾಯಿತು.” ಆಮೇಲೆ ಕೊಡೆಯ ಹಿಡಿಕೆ ನೋಡುತ್ತ ಮೆಲ್ಲಗೆ, “ಸುಮಿತ್ರಾ, ನೀವು ಬರ್ತೀರಾ ಅಲ್ಲಿಗೆ? ನಿಮ್ಮ ಮನಸ್ಸು ಗೊತ್ತಾದರೆ ನಿಮ್ಮ ತಂದೆಯವರ ಹತ್ತಿರ ಮಾತಾಡ್ತೀನಿ. ಇಷ್ಟವಿಲ್ಲ ಅಂದರೆ ಈ ಮಾತು ಇಲ್ಲಿಗೇ ಬಿಟ್ಟುಬಿಡೋಣ.”

ಹೂಂ ಅನ್ನಬೇಕು. ಅಷ್ಟರಲ್ಲಿ ಕಾಕುವಿನ ಕೂಗು: “ಏ ಸುಮಿ, ಜಲ್ದಿ ಬಾ! ಇಂವ ಹೊಂಟಾನ!” ಎಲ್ಲರೂ ನಮ್ಮ ಕಡೆ ನೋಡಿದರು. ನಾನು ಓಡಿ ಹೋಗಿ ಟಾಂಗಾದ ಹಿಂದಿನ ಸೀಟಿಗೆ ಹತ್ತಿದೆ. ಮೂರ್ತಿಯವರು ಹಿಂದೆಯೇ ಬಂದು ನಿಂತಿದ್ದರು. ಟಾಂಗಾದವನು ಲಗಾಮು ಜಾಡಿಸಿದ. ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ, ಅವರ ಕಣ್ಣು ನೋಡಿ ಅಂದೆ:

“ಬರ್ತೇನ್ರಿ.”

ಅವರು ಎರಡೂ ಕೈ ಜೋಡಿಸಿದರು. “ಹೋಗ್ಬನ್ನಿ,” ಅಂದರು.

ಹಿಂದಿನ ಸೀಟಿನಲ್ಲಿ ಕೂತವರಿಗೆ ಬಿಟ್ಟುಬಂದ ದಾರಿಯೇ ಕಾಣುವುದು. ಬಿಸಿಲಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ಅವರು ನಿಂತಿದ್ದು, ತಿರುವಿನವರೆಗೂ ನೋಡಿದೆ. ಸಂತೋಷಕ್ಕೆ ಮರೆತಿದ್ದಾರೆ ಅಂದುಕೊಂಡೆ. ಒಂದು ಪದ ಕೊಟ್ಟರೆ ಸಾಕು, ಉಳಿದದ್ದನ್ನು ಹಿಡಿಯುವವರಲ್ಲವೇ ಅವರು? ಮನೆ ತಲುಪುವವರೆಗೂ ನನಗೆ ಕಾಕುವಿನ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಅಷ್ಟು ಸುಖವಾಗಿದ್ದೆ.

ಮರುದಿನದಿಂದ ಹೊರಗಿನ ಖೋಲಿಯನ್ನು ದಿನಾ ಗುಡಿಸಿ ಒರೆಸಿದೆ. ಅಪ್ಪನ ಕುರ್ಚಿಯ ಎದುರು ಇನ್ನೊಂದು ಕುರ್ಚಿ ಹಾಕಿದೆ. ಅವ್ವನ ಕಾಲದ ಮೇಜುಬಟ್ಟೆ ಪೆಟ್ಟಿಗೆಯಿಂದ ತೆಗೆದು ಹಾಸಿದೆ. “ಯಾರ ಬರ್ತಾರ?” ಅಂತ ತಂಗಿ ಕೇಳಿದಳು. “ಯಾರೂ ಇಲ್ಲ,” ಅಂದೆ. ಯಾರೂ ಬರಲಿಲ್ಲ. ಭೋಪಾಲಿಗೆ ಹೋಗುವವರ ಗಾಡಿಯ ದಿನ ಬಂತು. ಸಂಘದವರೆಲ್ಲ ಚೂಡಾ, ಶಂಕರಪೋಳೆ ಕಟ್ಟಿಕೊಂಡು ಸ್ಟೇಶನ್ನಿಗೆ ಹೊರಟರು. ನಾನು ತಲೆನೋವೆಂದು ಮಲಗಿದೆ. ಅಪ್ಪನನ್ನು ಕೇಳದೆ ಹೊರಟವರ ಮೇಲೆ ಸಿಟ್ಟೂ ಇತ್ತು, ನಾಲ್ಕು ಮಂದಿಯ ನಡುವೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ ಎಂಬ ಹೆದರಿಕೆಯೂ ಇತ್ತು.

ಅಪ್ಪ ತಿರುಗಿ ಬಂದು ಅಂಗಿ ಗೂಟಕ್ಕೆ ಹಾಕುತ್ತ ಹೇಳಿದರು: “ಪಾಪ, ಮೂರ್ತಿ ಛಲೋ ಹುಡುಗ. ಗಾಡಿ ಬಿಡೂ ಮುಂದ ಇಳದು ಬಂದು ನನ್ನ ಕಾಲು ಮುಟ್ಟಿದ. ‘ಬರ್ತೀನಿ ಸಾರ್’ ಅಂದ.”

ನಾನು ಮಲಗಿದ್ದವಳು ಎದ್ದು ಕೂತೆ. “ಬರ್ತೀನಿ ಅಂದ್ರೇನಪ್ಪಾ?”

“ಹೂಂನವ್ವ. ಎರಡೆರಡು ಸಲ ಅಂದ.”

ಹೇಗೆ ಹೇಳಲಿ? ಥಿಯೇಟರಿನಲ್ಲಿ ಅದೇ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕವಳು ನಾನು. ಮನೆಯಲ್ಲಿ ಅದೇ ಮಾತನ್ನು ಹಿಡಿದುಕೊಂಡು ಎರಡು ವರ್ಷ ಕೂತೆ. ಹೊಸ ಊರು, ಹೊಸ ಕಚೇರಿ, ಮನೆ ಸಿಕ್ಕಿರಲಿಕ್ಕಿಲ್ಲ, ರಜೆ ಸಿಕ್ಕಿರಲಿಕ್ಕಿಲ್ಲ, ಬರುತ್ತಾರೆ; ಅಪ್ಪನ ಕಾಲು ಮುಟ್ಟಿ ಹೇಳಿದ್ದಾರೆ. ನೋಡಲು ಬಂದ ಗಂಡುಗಳನ್ನು ಏನೇನೋ ನೆಪ ಹೇಳಿ ಕಳಿಸಿದೆ. ಕಿತ್ತಳೆಯ ಎರಡು ಫಸಲು ಮಾರುಕಟ್ಟೆಗೆ ಬಂದು ಹೋದವು. ಸಂಘದ ಗಣಪತಿಗೆ ಮಂದಿ ಸಾಲದೆ ನಾಟಕ ನಿಂತಿತು. ಕೆಳಗಿನ ಮರಾಠಿಯವರು ಮಾತ್ರ ತಪ್ಪದೆ ಹತ್ತಿ ಬಂದು ಕೂರುತ್ತಿದ್ದರು. ಆಮೇಲೆ ಅಪ್ಪನ ಮುಖ ನೋಡಲಾಗದೆ ಒಪ್ಪಿಕೊಂಡೆ. ನನ್ನ ಯಜಮಾನರು ಹುಬ್ಬಳ್ಳಿಯವರು, ಒಳ್ಳೆಯವರು. ನನ್ನ ಜೊತೆ ಒಂದು ದಿನವೂ ಎತ್ತರದ ದನಿಯಲ್ಲಿ ಮಾತಾಡಲಿಲ್ಲ. ಅವರ ಮೇಲೆ ದೂರೇನೂ ಇಲ್ಲ. ದೂರಿಲ್ಲದ ಬಾಳು ಒಳ್ಳೆಯದೇ. ಆದರೂ ಹುಬ್ಬಳ್ಳಿಯಲ್ಲಿ ಟಾಂಗಾದ ಹಿಂದಿನ ಸೀಟಿನಲ್ಲಿ ನಾನೆಂದೂ ಕೂರಲಿಲ್ಲ.

ಇದಾಗಿ ಬಹಳ ವರ್ಷಗಳ ಮೇಲೆ ಸಂಘಕ್ಕೆ ಸ್ವಂತ ಕಟ್ಟಡವಾಯಿತೆಂದು ಹಳಬರನ್ನೆಲ್ಲ ಕರೆದರು. ಯಜಮಾನರಿಗೆ ಬರಲಾಗಲಿಲ್ಲ, ನಾನು ನಾಗಪುರದಲ್ಲೇ ನೆಲೆಸಿದ್ದ ತಂಗಿಯ ಮನೆಗೆಂದು ಬಂದವಳು ಹೋದೆ. ಗಂಗಾಕಾಕು ಅಷ್ಟರಲ್ಲಿ ತೀರಿಕೊಂಡಿದ್ದಳು. ಊಟವಾದ ಮೇಲೆ ಹೊರಗಿನ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದವರನ್ನು ಕೊಡೆಯಿಂದಲೇ ಗುರುತಿಸಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಕ್ಕಳು, ಮನೆ, ಪೆನ್ಶನ್ನು ಎಲ್ಲ ಮಾತಾಡಿದೆವು. ಇನ್ನೇನೂ ಉಳಿಯದಿದ್ದಾಗ ನಾನೇ ಕೇಳಿದೆ:

“ಈಜು ಕಲತ್ರೇನ್ರಿ?”

ಅವರು ನಕ್ಕರು. “ಇಲ್ಲ. ಕೆರೆ ಮನೆಯಿಂದಲೇ ಕಾಣಿಸ್ತಿತ್ತು. ಯಾಕೋ ಮನಸ್ಸು ಬರಲಿಲ್ಲ.” ಆಮೇಲೆ, “ಅವತ್ತು ನೀವು ಉತ್ತರ ಕೊಡದೆ ಹೋದಿರಿ. ತಪ್ಪು ತಿಳ್ಕೊಬೇಡಿ, ಬೇಜಾರಿಲ್ಲ. ನಾನೇ ಕೇಳಬಾರದಿತ್ತೇನೋ ಅಂತ ಎಷ್ಟೋ ದಿನ ಅನ್ನಿಸ್ತಿತ್ತು, ಅಷ್ಟೇ.”

“ಉತ್ತರ ಕೊಟ್ಟಿದ್ದೆನಲ್ರಿ.”

“ಯಾವಾಗ?”

“ಟಾಂಗಾದಾಗ ಕುಂತು. ‘ಬರ್ತೇನ್ರಿ’ ಅಂದೆ.”

ಅವರು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟರು. “ನಾನು...” ಅಂದರು.

“‘ಹೋಗ್ಬನ್ನಿ’ ಅಂದ್ರಿ.”

“ಸಿನಿಮಾದಲ್ಲಿ ಅವಳು ಹೇಳಿದ ಹಾಗೇ ಹೇಳಿದಿರಿ ಅಂದುಕೊಂಡೆ. ಆ ತಮಾಷೆ ಆಗಿತ್ತಲ್ಲ ಒಳಗೆ. ನೋಯಿಸದ ಹಾಗೆ ಬೇಡ ಅಂದಿರಿ, ಎಷ್ಟು ಸೂಕ್ಷ್ಮ ಹುಡುಗಿ ಅಂತ...” ಅಂದರು.

“ಮತ್ತ ನೀವು ಅಪ್ಪಗ ಹೇಳಿದ್ದು? ಸ್ಟೇಶನ್ನಿನಾಗ?”

“ಏನು ಹೇಳಿದ್ದೆ?”

“‘ಬರ್ತೀನಿ ಸಾರ್.’”

“ಹೊರಟು ನಿಂತವನು ಬೇರೆ ಏನು ಹೇಳಲಿ ಸುಮಿತ್ರಾ?”

ಇಬ್ಬರಿಗೂ ನಗು ಬಂತು. ಕಾಕು ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ನಗು ಎಲ್ಲಿ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಯಾರ ಮೇಲೆ ಸಿಟ್ಟಾಗಲಿ? ಇಬ್ಬರೂ ಸರಿಯಾಗಿಯೇ ಮಾತಾಡಿದ್ದೆವು, ಶುದ್ಧ ಕನ್ನಡದಲ್ಲಿ. ಇಬ್ಬರೂ ಮರಾಠಿಯವರಾಗಿದ್ದರೂ ಗತಿ ಇದೇ. ಅವರೂ ಹೋಗುವಾಗ ‘ಯೇತೋ’, ಅಂದರೆ ‘ಬರ್ತೇನೆ’ ಅಂತಲೇ ಅನ್ನುವುದು. ಹೋದ ದೀಪಾವಳಿಯಲ್ಲಿ ನೇಹಾ ಆ ದೃಶ್ಯ ಬಂದಾಗ “‘ಬಾಯ್’ ಅಂದಳು ಅಜ್ಜಿ, ಖತಮ್,” ಅಂದಳಲ್ಲ, ಆಗ ನನಗೆ ಹೊಟ್ಟೆಕಿಚ್ಚಾಯಿತು. ಇವಳ ಕಾಲದವರಿಗೆ ಹೋಗುವುದಕ್ಕೆ ಒಂದು ಮಾತಿದೆ, ಬರುವುದಕ್ಕೆ ಇನ್ನೊಂದಿದೆ.

ಅವತ್ತು ಸಂಘದ ಗೇಟಿನಲ್ಲಿ ತಂಗಿಯ ಮಗ ಸ್ಕೂಟರ್ ಹಚ್ಚಿಕೊಂಡು ನಿಂತಿದ್ದ. ಮೂರ್ತಿಯವರು ಅಲ್ಲಿಯವರೆಗೂ ಬಂದರು. ನಾನು ಹಿಂದೆ ಕೂತು ಸೆರಗು ಸರಿಮಾಡಿಕೊಂಡೆ. ಇನ್ನೊಮ್ಮೆ ಅದೇ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಅನ್ನದಿದ್ದುದನ್ನು ಅಂದೆ:

“ಹೋಗ್ತೇನ್ರಿ.”

“ಛೆ, ಹಾಗನ್ನಬಾರದು,” ಅಂದರು ಅವರು ಗಾಬರಿಯಿಂದ, ರೂಢಿಯಂತೆ. “ಬರ್ತೀನಿ ಅನ್ನಿ.”

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು. ಕೊಡೆ ಹಿಡಿದ ಕೈ ಕೆಳಗಿಳಿಯಿತು.

“ಬರ್ತೇನ್ರಿ,” ಅಂದೆ.

ಈ ಸಲ ಅವರು ‘ಹೋಗ್ಬನ್ನಿ’ ಅನ್ನಲಿಲ್ಲ.